ತುಮಿನಾ ಇನ್ನು ತಳ್ಳಲ್ಲ

ಮದುವೆಯ ದಿನ ಬೆಳಿಗ್ಗೆ ಏಳೂವರೆಗೆ ಪಾರ್ಜೋನೋ ಬಾತಿಕ್ ಪಂಚೆ ಬಿಗಿದು, ತಲೆಗೆ ಪೇಟ ಇಟ್ಟು, ತಾನೇ ಕಟ್ಟಿದ ಮೋಟಾರ್‌ಸೈಕಲ್ಲಿನ ಮೇಲೆ ಕೂತು ಸ್ಟಾರ್ಟರ್ ಗುಂಡಿ ಒತ್ತಿದ. 'ಟಿಕ್' ಅಂದಿತು, ಅಷ್ಟೇ. ಇನ್ನೊಮ್ಮೆ ಒತ್ತಿದ. ಮತ್ತೆ 'ಟಿಕ್'. ಅರವತ್ತಾರರ ಮದುಮಗ ಗಾಡಿಯಿಂದಿಳಿದು ಮನೆಯವರನ್ನು ಕೂಗಿದ.

ಒಂಬತ್ತಕ್ಕೆ ನಿಕಾಹ್, ಹೊಳೆಯಾಚೆ ತುಮಿನಾಳ ಮನೆಯಲ್ಲಿ. ನಡೆದರೆ ಅರ್ಧ ಗಂಟೆಯ ದಾರಿ. ಆದರೆ ನಡೆದು ಹೋಗಿ ಮುಖ ತೋರಿಸುವ ಹಾಗಿರಲಿಲ್ಲ. ಸಂತೆ ಮೂಲೆಯಲ್ಲಿ ಅರಿಸಿನ-ಹುಣಸೆಯ ಕಷಾಯ ಮಾರುವ ತುಮಿನಾ ಮದುವೆಗೆ ಒಪ್ಪುವಾಗ, ಯಜಮಾನರೇ ಅನ್ನುವಂತೆ 'ಮಾಸ್' ಎಂದು ಕರೆದು, ಹಾಕಿದ್ದು ಒಂದೇ ಕರಾರು.

"ನೋಡಿ ಮಾಸ್, ನನ್ನ ಮೊದಲನೇ ಗಂಡ, ಅಲ್ಲಾಹು ಅವನಿಗೆ ಒಳ್ಳೇದು ಮಾಡ್ಲಿ, ಹದಿನೆಂಟು ವರ್ಷ ನನ್ನ ಕೈಲಿ ಗಾಡಿ ತಳ್ಳಿಸ್ದ. ಸಂತೆಗೆ ಹೋಗೋಕೂ ತಳ್ಳು, ಹೆರಿಗೆಗೆ ಹೋಗೋಕೂ ತಳ್ಳು. ನಿಮ್ಮ ಗಾಡಿ ಗುಂಡಿ ಒತ್ತಿದ ಕೂಡ್ಲೆ ಹೊರಟ್ರೆ ಹಿಂದೆ ಕೂರ್ತೀನಿ. ಇಲ್ಲಾ ಅಂದ್ರೆ ಕಷಾಯ ಕುಡ್ಕೊಂಡು ಮನೆಗೆ ಹೋಗಿ. ಈ ತುಮಿನಾ ಇನ್ನು ತಳ್ಳಲ್ಲ."

ಇಡೀ ಸಂತೆ ಕೇಳುವ ಹಾಗೆ ಹೇಳಿದ್ದಳು. ಇವನೂ ಇಡೀ ಸಂತೆ ಕೇಳುವ ಹಾಗೆ "ಗುಂಡಿ ಒತ್ತಿದ ಕೂಡ್ಲೆ!" ಎಂದು ಮಾತು ಕೊಟ್ಟಿದ್ದ. ಮಾತು ಕೊಟ್ಟು ಸುಮ್ಮನಿದ್ದನೇ? ಇನ್ನು ಕಿಕ್ಕರ್ ಯಾಕೆ ಎಂದು ಅದನ್ನು ಗರಗಸದಲ್ಲಿ ಕುಯ್ದು ಬಿಸಾಡಿದ್ದ. ಗಾಡಿಯ ಚೆಲುವಿಗೆ ಅದು ಅಡ್ಡ ಬರುತ್ತಿತ್ತಂತೆ.

ಓಡಿಬಂದವಳು ಅವನ ತಮ್ಮನ ಮಗಳು ಕಿನಾಂತಿ, ದೊಡ್ಡಪ್ಪನನ್ನು 'ಪಾಕ್ದೆ' ಎಂದು ಕರೆಯುವವಳು. ಬಾಂತುಲ್ ಸೀಮೆಯಲ್ಲಿ ಗಾಡಿಗಳ ವೈರಿಂಗ್ ಕೆಲಸಕ್ಕೆ ಅವಳನ್ನು ಬಿಟ್ಟರೆ ಇಲ್ಲ ಎಂದು ಹೆಸರು. ಮದುವೆಗೆಂದು ಕಟ್ಟಿದ ತುರುಬು, ತುಟಿಗೆ ಬಣ್ಣ, ಕೈಯಲ್ಲಿ ಮೀಟರು.

"ಪಾಕ್ದೆ, ಹೋದ ವಾರ ನನ್ನೆದುರಿಗೇ ಗುಡುಗ್ತಿತ್ತಲ್ಲ ಇದು. ಆಮೇಲೆ ಏನ್ ಮಾಡಿದ್ರಿ?"

"ಏನೂ ಮುಟ್ಟಿಲ್ಲಮ್ಮ. ಬಿಚ್ಚಿ ಬಣ್ಣ ಹೊಡೆದು ಮತ್ತೆ ಜೋಡಿಸ್ದೆ. ಅಷ್ಟೇ."

"ಮತ್ತೆ ಇದೇನು, ಎಲ್ಲಾ ಒದ್ದೆ ಒದ್ದೆ?"

ಪಾರ್ಜೋನೋ ಕೆಮ್ಮಿದ. ನಿನ್ನೆ ಸಂಜೆ ಮನೆಯವರು ಏಳು ಬಾವಿಯ ನೀರಿಗೆ ಹೂ ಹಾಕಿ ಅವನಿಗೆ ಮದುಮಗನ ಸ್ನಾನ ಮಾಡಿಸಿದ್ದರು. ಎರಡು ಚೊಂಬು ಉಳಿದಿತ್ತು. ಗಾಡಿಯೂ ಮದುವೆಗೆ ಹೊರಟದ್ದೇ ತಾನೇ ಎಂದು ಅದರ ನೆತ್ತಿಗೂ ಸುರಿದಿದ್ದ.

ಕಿನಾಂತಿ ಸೀಟು ಎತ್ತಿ ಫ್ಯೂಸಿನ ಡಬ್ಬಿ ತೆಗೆದಳು. ಒಳಗೊಂದು ಮಲ್ಲಿಗೆ ಮೊಗ್ಗು ಹಾಯಾಗಿ ಮಲಗಿತ್ತು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ!" ಎಂದು ಅವಳು ನಕ್ಕ ನಗುವಿಗೆ ಪಕ್ಕದ ಮನೆಯವರೆಲ್ಲ ಅನ್ನದ ತಟ್ಟೆ ಹಿಡಿದೇ ಬೇಲಿಗೆ ಬಂದರು. ಒಬ್ಬಾಕೆ ತಲೆ ಒಣಗಿಸುವ ಯಂತ್ರ ತಂದುಕೊಟ್ಟಳು. ಫ್ಯೂಸು, ವೈರಿನ ಗಂಟುಗಳು, ಸ್ವಿಚ್ಚು ಎಲ್ಲಕ್ಕೂ ಬಿಸಿಗಾಳಿಯ ಉಪಚಾರವಾಯಿತು. ಪಾರ್ಜೋನೋ ಬಿಸ್ಮಿಲ್ಲಾ ಹೇಳಿ ಗುಂಡಿ ಒತ್ತಿದ.

'ಟಿಕ್.'

ಎಂಟು ಹತ್ತಾಗಿತ್ತು. ಬೇಲಿಯಾಚೆಯಿಂದ ಯಾರೋ "ತಳ್ಳೋಣ್ವಾ ಯಜಮಾನ್ರೇ?" ಎಂದರು. "ಬಾಯಿ ಮುಚ್ಚೋ!" ಎಂದು ಮದುಮಗ ಗದರಿದ. ಆ ಒಂದು ಪದ ಇವತ್ತು ಅವನ ಕಿವಿಗೆ ಬೀಳಬಾರದಿತ್ತು. ಹೆಂಡತಿ ಸತ್ತು ಹನ್ನೊಂದು ವರ್ಷ ಒಬ್ಬನೇ ಉಂಡವನು ಅವನು. ಬೆಳಗಿನ ಕಷಾಯಕ್ಕೆ ಹೋದಾಗ ತುಮಿನಾ ಬಯ್ಯುವ ನಾಲ್ಕು ಮಾತಿನಲ್ಲೇ ದಿನ ತಳ್ಳುತ್ತಿದ್ದ. ಅವಳೂ ಕೈ ತಪ್ಪಿದರೆ ಮತ್ತೆ ಒಂಟಿ ತಟ್ಟೆಯೇ ಗತಿ.

ಕಿನಾಂತಿ ಈಗ ನಗುತ್ತಿರಲಿಲ್ಲ. ಬ್ಯಾಟರಿ ನೋಡಿದಳು, ಭರ್ತಿ ಇತ್ತು. ದೀಪ ಹಾಕಿದಳು, ಕಣ್ಣು ಕುಕ್ಕಿತು. ಸ್ಟಾರ್ಟರಿಗೆ ಬರುವ ದಪ್ಪ ವೈರು ಗಟ್ಟಿಯಾಗಿತ್ತು.

"ಕರೆಂಟು ಸ್ಟಾರ್ಟರ್ ತನಕ ಹೋಗ್ತಿದೆ. ವಾಪಸ್ ಬ್ಯಾಟರಿಗೆ ಬರೋಕೆ ದಾರಿ ಸಿಗ್ತಿಲ್ಲ," ಎಂದು ತನ್ನಷ್ಟಕ್ಕೇ ಗೊಣಗಿಕೊಂಡಳು. ಒಂದು ದಪ್ಪ ತಂತಿಯ ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿದು, ಇನ್ನೊಂದನ್ನು ಎಂಜಿನ್ನಿಗೆ ಒತ್ತಿ, "ಒತ್ತಿ ಪಾಕ್ದೆ!" ಎಂದಳು. ಎಂಜಿನ್ನು 'ಗರ್ರ್' ಎಂದು ಅರ್ಧ ಸುತ್ತು ತಿರುಗುವಷ್ಟರಲ್ಲಿ ತಂತಿ ಕಿಡಿ ಹಾರಿಸಿ ಜಾರಿತು.

"ಬಂತು! ಇದನ್ನೇ ಕಟ್ಟಿಬಿಡು, ಹೊರಡ್ತೀನಿ!"

"ದಾರೀಲಿ ಮೊದಲ್ನೇ ಹಳ್ಳಕ್ಕೇ ಕಳಚಿ ಬೀಳತ್ತೆ. ನಿಕಾಹ್ ಮುಗ್ಸಿ ಹೆಂಡ್ತಿ ಕೂರ್ಸ್ಕೊಂಡು ಹೊರಡುವಾಗ ಏನ್ ಮಾಡ್ತೀರಿ?" ಎನ್ನುತ್ತಲೇ ಅವಳು ಬ್ಯಾಟರಿಯ ಕೆಳಗೆ ಟಾರ್ಚು ಬಿಟ್ಟಳು. ಅಲ್ಲಿ ಮೈನಸ್ ತಂತಿಯನ್ನು ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಅಂದರೆ ಚಾಸಿಗೆ, ಬೋಲ್ಟು ಹಾಕಿ ಬಿಗಿದಿತ್ತು. ಚಾಸಿ ಅಲ್ಲಿಯೂ ಕಡುನೀಲಿಯಾಗಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಪಾಕ್ದೆ, ಇಲ್ಲೂ ಬಣ್ಣ ಹೊಡೆದ್ರಾ?"

"ಎಲ್ಲಾ ಕಡೆ ಹೊಡೆದೆ. ಏಳು ಕೋಟು," ಎಂದ ಪಾರ್ಜೋನೋ. ಹೆಮ್ಮೆ ಎಲ್ಲಿ ಹೋಗುತ್ತದೆ? ನಲವತ್ತು ವರ್ಷ ಊರಿನ ಸೈಕಲ್ ರಿಕ್ಷಾಗಳಿಗೆಲ್ಲ ಬಣ್ಣ ಬರೆದ ಕೈ ಅದು. ಕಾಣುವ ಜಾಗಕ್ಕಿಂತ ಕಾಣದ ಜಾಗಕ್ಕೇ ಹೆಚ್ಚು ಬಣ್ಣ ಬಳಿಯುವ ಜಾತಿ.

"ಬಣ್ಣದೊಳಗೆ ಕರೆಂಟು ಹಾಯಲ್ಲ! ಬೋಲ್ಟಿನ ಸಂದೀಲಿ ನುಸುಳೋ ಚೂರು ದೀಪಕ್ಕೆ ಸಾಕು, ಸ್ಟಾರ್ಟರಿಗೆ ಸಾಲಲ್ಲ. ಕಬ್ಬಿಣ ಕಬ್ಬಿಣಕ್ಕೆ ತಾಗ್ಬೇಕು. ಏನೂ ಮುಟ್ಟಿಲ್ಲ, ಬಣ್ಣ ಅಷ್ಟೇ ಅಂದ್ರಲ್ಲ, ಆ 'ಅಷ್ಟೇ'ನೇ ರೋಗ."

ತಾನು ಮಾಡಿದ್ದುಣ್ಣೋ ಮಹರಾಯ. ಅವಳು ಬೋಲ್ಟು ಬಿಚ್ಚಿ ಚಾಕು ತೆಗೆದಳು. ಪಾರ್ಜೋನೋ ಅವಳ ಕೈ ಹಿಡಿದುಕೊಂಡ.

"ಕೊಡು. ನಾನೇ ಕೆರೀತೀನಿ."

ಆಯುಷ್ಯವೆಲ್ಲ ಬಣ್ಣ ಬಳಿದವನು ಮೊದಲ ಸಲ ಬಣ್ಣ ಕೆರೆಯಲು ಕೂತ. ನೀಲಿ ಹೋಯಿತು, ಅದರಡಿಯ ಕಪ್ಪು ಹೋಯಿತು, ಬೂದು ಹೋಯಿತು. ಪ್ರತಿ ಪದರಕ್ಕೂ ಹಲ್ಲು ನೋವಿನವನಂತೆ ಮುಖ ಕಿವುಚಿದ. ಕಡೆಗೆ ನಾಣ್ಯದಗಲ ಬೆಳ್ಳಗಿನ ಕಬ್ಬಿಣ ಕಂಡಾಗ, ಆಶ್ಚರ್ಯ, ಅವನಿಗೆ ಅದೂ ಚೆಂದವೇ ಕಂಡಿತು.

ಬೋಲ್ಟು ಬಿಗಿಯುತ್ತಿದ್ದಾಗ ಬೇಲಿಯವರೆಲ್ಲ ಒಮ್ಮೆಲೇ ದಾರಿಯ ಕಡೆ ಕತ್ತು ಹೊರಳಿಸಿದರು. ಪಾರ್ಜೋನೋ ತಿರುಗಿ ನೋಡಿದ.

ತುಮಿನಾ. ನಿಕಾಹ್‌ಗೆ ಮುಂಚೆ ಮನೆಯ ಹೊಸ್ತಿಲು ದಾಟಬಾರದ ಮದುಮಗಳು, ತುರುಬಿನ ತುಂಬ ಮಲ್ಲಿಗೆ, ಹಣೆಯ ತುಂಬ ಬೆವರು, ಹೊಳೆ ಸೇತುವೆ ದಾಟಿ ನಡೆದೇ ಬಂದಿದ್ದಳು. ಕಸೂತಿ ರವಿಕೆಯ ತೋಳು ಮೊಣಕೈ ಮೇಲೆ ಮಡಚಿತ್ತು. ಚಪ್ಪಲಿ ಕಂಕುಳಲ್ಲಿತ್ತು.

"ಸಂತೆಯವರು ಬಂದು ಹೇಳಿದ್ರು," ಎಂದಳು ಏದುಸಿರಿನಲ್ಲಿ. "ಗಾಡಿ ನಿಂತಿದೆ, ಮುದುಕ ಅಳೋ ಹಾಗಿದಾನೆ ಅಂತ. ಮುಖ ಏನ್ ನೋಡ್ತೀರಿ? ಕೂರಿ ಮೇಲೆ. ಗೇರಿಗೆ ಹಾಕಿ. ತಳ್ತೀನಿ."

ಪಾರ್ಜೋನೋ ಕೈಗಂಟಿದ ಬಣ್ಣದ ಪುಡಿ ಒರೆಸಿಕೊಂಡ. ಕಣ್ಣಲ್ಲಿ ನೀರು ಬಂತು, ಸಂತೋಷ ತಡೆಯಲಾರದೆ ಬಂತು. ಗಾಡಿಯೇರಿದ.

"ಹಿಂದೆ ಬರ್ಬೇಡ. ಅಲ್ಲೇ ನಿಂತ್ಕೋ," ಎಂದು ಗುಂಡಿ ಒತ್ತಿದ.

ಒತ್ತಿದ ಕೂಡಲೇ ಗಾಡಿ ಗುಡುಗಿತು. ಬೇಲಿಯ ಕೋಳಿಗಳು ದಿಕ್ಕಾಪಾಲಾದವು, ತಟ್ಟೆ ಹಿಡಿದವರು ತಟ್ಟೆ ಬಡಿದರು, ಕಿನಾಂತಿ ತುರುಬು ಬಿಚ್ಚುವಷ್ಟು ಕುಣಿದಳು.

ತುಮಿನಾ ಮಡಚಿದ ತೋಳುಗಳನ್ನು ಒಂದೊಂದಾಗಿ ಇಳಿಸಿಕೊಂಡಳು. ಚಪ್ಪಲಿ ಹಾಕಿಕೊಂಡಳು. ಉಡುಗೆಯ ನೆರಿಗೆ ಸರಿಮಾಡಿಕೊಂಡು ಹಿಂದಿನ ಸೀಟಿನಲ್ಲಿ ಒಂದೇ ಪಕ್ಕಕ್ಕೆ ಕೂತು ಅವನ ಸೊಂಟ ಹಿಡಿದಳು.

"ಸುಮ್ನೆ ನಡೆಸಿದ್ರಿ ನನ್ನ," ಎಂದು ಬೆನ್ನಿಗೊಂದು ಗುದ್ದಿದಳು. "ಹೊರಡಿ ಮಾಸ್. ಮದುಮಗಳು ಮನೇಲಿಲ್ಲ ಅಂತ ಹುಡುಕ್ತಿರ್ತಾರೆ."