ಅರದಲ್ಲಿ ಉಜ್ಜಿದ ಚುಕ್ಕಿ

“ಪಾಪ, ಒಳ್ಳೆ ಮನುಷ್ಯನೇ. ಆದರೆ ನನ್ನ ನಿಘಂಟಿಗೆ ಮಸಿ ಬಳಿದವನೂ ಇವನೇ,” ಎಂದರು ಪಂಡಿತರು, ಹೆಣದ ತಲೆಯ ಬಳಿ ನಿಂತು. “ಒಂದು ಚುಕ್ಕಿ ನುಂಗಿಹಾಕಿದ. ನಾಲ್ಕಕ್ಷರ ಓದಿದ್ರೆ ಹಾಗಾಗ್ತಿರಲಿಲ್ಲ.”

ಅಪ್ಪನ ಶವಪೆಟ್ಟಿಗೆಯ ಮೂಲೆಗೆ ಕೈಹಾಕಿ ಬಗ್ಗಿದ್ದ ಮಗ ಹಾಗೇ ನಿಂತ. ಕೋಣೆಯಲ್ಲಿದ್ದವರಲ್ಲಿ ಅರ್ಧ ಮಂದಿ ಮುಚ್ಚಿಹೋದ ಅಚ್ಚುಕೂಟದವರು.

“ಸ್ವಾಮಿ, ಆ ಪುಸ್ತಕದ ಒಂದೊಂದು ಅಚ್ಚಿನ ಮೊಳೇನೂ ಕೈಯಲ್ಲಿ ಜೋಡಿಸಿದ್ದು ನಮ್ಮ ಚುಕ್ಕಿಯಣ್ಣ,” ಎಂದ ಮೆಷಿನ್ ಓಡಿಸುತ್ತಿದ್ದ ಮುದುಕ. “ನಿಮ್ಮ ಕೈಬರಹ ಓದೋಕೆ ಆಗ್ತಿದ್ದಿದ್ದು ಅವನೊಬ್ಬನಿಗೇ. ನಿಮಗೂ ಆಗ್ತಿರಲಿಲ್ಲ.”

ಯಾರೋ ಕಿಸಕ್ಕೆಂದರು. ಪಂಡಿತರು ಮಗನತ್ತ ತಿರುಗಿದರು. “ಇವನೂ ಏಳನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನಲ್ವಾ? ನೂಲಿನಂತೆ ಸೀರೆ.”

ಒಳಗೆ ಟ್ರಂಕಿನಲ್ಲಿ ಒಂದು ಹಾಳೆಯಿತ್ತು. ಅದನ್ನು ತಂದು ಈ ಮುಖಕ್ಕೆ ಹಿಡಿದರೆ ಸಾಕು. ಮಗನ ಕಣ್ಣು ಹೋದ ದಿಕ್ಕನ್ನು ಅಮ್ಮ ನೋಡಿದಳು.

“ಬೇಡ ಕಣೋ. ನಿಮ್ಮಪ್ಪ ಬೇಡ ಅಂದಿದ್ರಲ್ಲ. ಹೆಗಲು ಕೊಡು.”

* * *

ಅದು ಮಾತುಗಳ ಬೇರು ಹುಡುಕುವ ನಿಘಂಟು. ಅಚ್ಚುಕೂಟದಲ್ಲಿ ನಕ್ಷತ್ರದಾಕಾರದ ಚುಕ್ಕಿಯ ಮೊಳೆಗಳು ಇದ್ದದ್ದೇ ಎಂಟು. ಒಂದೊಂದು ಪುಟಕ್ಕೆ ಇಪ್ಪತ್ತು ಬೇಕು. ಅಪ್ಪ ಸವೆದ ಮೊಳೆಗಳನ್ನು ಮನೆಗೆ ತಂದು, ಕಿಟಕಿಯ ಬೆಳಕಿನಲ್ಲಿ ಕೂತು, ಅರದಿಂದ ಉಜ್ಜಿ ಚುಕ್ಕಿ ಮಾಡುತ್ತಿದ್ದ.

“ಮಾತಿನ ಮುಂದೆ ಚುಕ್ಕಿ ಯಾಕಪ್ಪಾ?”

“ಈ ಮಾತನ್ನ ಈಗಿನವರು ಯಾರೂ ಕೇಳಿಲ್ಲ, ಎಲ್ಲೂ ಬರೆದಿಟ್ಟಿಲ್ಲ ಅಂತ ಗುರುತು. ಸಂಸ್ಕೃತದ ಉದಕ, ಇಂಗ್ಲಿಷಿನ ವಾಟರು, ಇನ್ನೊಂದಷ್ಟು ಕಡೆಯ ನೀರು, ಎಲ್ಲಾ ಪಕ್ಕಪಕ್ಕ ಇಟ್ಟು ನೋಡಿ, ‘ವೊದ್ರ್’ ಅಂತ ಒಬ್ಬಳು ತಾಯಿ ಇದ್ದಿರಬೇಕು ಅಂದ್ರು. ಮಕ್ಕಳ ಮುಖ ನೋಡಿ ತಾಯಿ ಮುಖ ಬರೆದ ಹಾಗೆ. ಚುಕ್ಕಿ ಬಿಟ್ರೆ ಸುಳ್ಳು ಹೇಳಿದ ಹಾಗಾಗುತ್ತೆ.”

ಬಿಟ್ಟುಹೋದದ್ದು ಆ ‘ವೊದ್ರ್’ನ ಚುಕ್ಕಿಯೇ. ಆ ಮಾತು ಕೆತ್ತಿದ ಕಲ್ಲು ಪಂಡಿತರ ಹಿತ್ತಲಲ್ಲಿ ಸಿಕ್ಕಿತಂತೆ ಎಂದು ಓದಿದವರೆಲ್ಲ ನಕ್ಕರು. ಮೊಳೆ ಜೋಡಿಸಿದವನ ತಪ್ಪು ಎಂದರು ಪಂಡಿತರು. ಅಪ್ಪನ ಕೆಲಸ ಹೋಯಿತು. ಮಗ ಶಾಲೆ ಬಿಟ್ಟು ಲೇತ್ ಕೆಲಸಕ್ಕೆ ಸೇರಿದ.

ಎಷ್ಟೋ ವರ್ಷಗಳ ಮೇಲೆ ಅಪ್ಪ ಆ ಪುಟದ ಕರಡಚ್ಚು ತೆಗೆದು ತೋರಿಸಿದ್ದ. ಉಜ್ಜಿದ ಚುಕ್ಕಿ ಸೊಟ್ಟಗಿತ್ತು. ಮಸಿಯ ಕಲೆಯೆಂದುಕೊಂಡ ಪಂಡಿತರು ಕೆಂಪು ಶಾಯಿಯಲ್ಲಿ ಸುತ್ತುಹಾಕಿ ಬರೆದಿದ್ದರು: ‘ಕಸ. ತೆಗೆಯಿರಿ.’ ಕೆಳಗೆ ಸಹಿ.

“ಇದನ್ನ ತೆಗೀಬೇಕಾ ಅಂತ ಅವರನ್ನ ಕೇಳ್ಲಿಲ್ವಾ ನೀನು?”

“ಕೇಳ್ದೆ. ಹೇಳಿದಷ್ಟು ಮಾಡಯ್ಯ ಅಂದ್ರು.”

“ಇದನ್ನ ತೋರಿಸಿ ಆ ಮುದುಕನ ಮಾನ ಬೀದಿಗೆ ಎಳೀಬೇಕಿತ್ತು!”

“ಎಳೆದ್ರೆ? ಕರಡು ತಿದ್ದೋಕೂ ಬರದವನ ಪುಸ್ತಕ ಅಂತ ಮೂಲೆಗೆ ಎಸೀತಾರೆ. ಅದರಲ್ಲಿ ನನ್ನ ಹನ್ನೊಂದು ವರ್ಷ ಇದೆ ಕಣೋ.”

* * *

ಗುಂಡಿ ಮುಚ್ಚಿದ ಮೇಲೆ ಜನ ಚೆದುರಿದರು. ಉಳಿದವರು ಪಂಡಿತರೊಬ್ಬರೇ. ಕೋಲೂರುತ್ತ ಮಗನ ಹತ್ತಿರ ಬಂದರು. ಸುತ್ತ ನೋಡಿ ದನಿ ತಗ್ಗಿಸಿದರು.

“ಮಗೂ, ಹಳೇ ಕರಡುಗಳನ್ನೆಲ್ಲ ನಿಮ್ಮಪ್ಪ ಏನು ಮಾಡಿದ? ಸುಟ್ಟುಹಾಕಿದ್ನಾ?”

ಮಗ ಅವರ ಮುಖವನ್ನೇ ನೋಡಿದ. ಅಂದರೆ ಇವರಿಗೆ ಗೊತ್ತಿತ್ತು. ಇಷ್ಟು ವರ್ಷವೂ ಗೊತ್ತಿತ್ತು.

“ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ನಾ ಅವನು?”

ನಾಲಿಗೆಯ ತುದಿಗೆ ಹತ್ತು ಉತ್ತರ ಬಂದವು. ಮಗ ಸಲಿಕೆಯನ್ನು ಹೆಗಲಿಗೇರಿಸಿ ಗೇಟಿನ ಕಡೆ ನಡೆದ.

“ಹೇಳಪ್ಪಾ, ಏನಂದ?”

ಹಿಂದೆ ಕೋಲು ಹಸಿಮಣ್ಣಿನಲ್ಲಿ ಹೂತು, ಕಿತ್ತು, ಮತ್ತೆ ಹೂತು ಬರುತ್ತಿತ್ತು. ಅವನು ಹೆಜ್ಜೆ ನಿಧಾನ ಮಾಡಲಿಲ್ಲ.