ಬಡಗಣ ತಿಟ್ಟಿನ ಕಲ್ಲು

ಆ ಬೆಳಿಗ್ಗೆ ನಂಜನಗೂಡಿನ ಮೇಲೆ ಮೋಡ ಮುಸುಕಿತ್ತು. ಏಪ್ರಿಲ್ ತಿಂಗಳಿನಲ್ಲಿ ಅದೊಂದು ಪುಣ್ಯವೇ. ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು, ಜನ ಹಾಯೆಂದು ಜಗಲಿಗೆ ಬಂದು ಕೂತಿದ್ದರು. ಫೋಟೋ ಸ್ಟುಡಿಯೋದ ಪುಟ್ಟಬಸವಯ್ಯನಿಗೆ ಮಾತ್ರ ಹಾಯೆನಿಸಲಿಲ್ಲ. ಬಸ್ಸಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಈ ಮೋಡ ಎಷ್ಟು ಹೊತ್ತು ನಿಂತೀತು ಎಂದು ನೋಡುತ್ತಲೇ ಇದ್ದ. ಹೆಮ್ಮಿಗೆ ಮುಟ್ಟುವ ತನಕ ಇದನ್ನು ನಿಲ್ಲಿಸಪ್ಪ ದೇವರೇ ನಂಜುಂಡ, ಅಷ್ಟು ಸಾಕು.

ತೊಡೆಯ ಮೇಲೆ ಕ್ಯಾಮೆರಾ ಚೀಲ. ಅದರಲ್ಲಿ ಇವತ್ತು ಕ್ಯಾಮೆರಾ ಇರಲಿಲ್ಲ. ಮಡಿವಸ್ತ್ರದಲ್ಲಿ ಸುತ್ತಿದ ಒಂದು ಕಲ್ಲಿತ್ತು.

"ಏನ್ ಅಯ್ನೋರೆ, ಚೀಲನ ಕೂಸಿನಂಗೆ ಅಪ್ಕಂಡಿದ್ದೀರಿ? ಅದ್ಕೂ ಅರ್ಧ ಟಿಕೆಟ್ ಅರೀಲಾ?" ಎಂದ ಕಂಡಕ್ಟರ್ ದೇವರಾಜು.

"ಹರಿಯಪ್ಪ. ಆದ್ರೆ ನಿಮ್ಮ ಡ್ರೈವರಿಗೆ ಒಸಿ ಬೇಗ ಓಡ್ಸೋಕೆ ಹೇಳು."

"ಅವ್ನಿಗಾ? ಅವ್ನು ಅವ್ನ ಮದ್ವೆಗೇ ಲೇಟಾಗಿ ಓದೋನು."

ಬಸ್ಸಿನವರೆಲ್ಲ ನಕ್ಕರು. ಪುಟ್ಟಬಸವಯ್ಯ ಮತ್ತೆ ಆಕಾಶ ನೋಡಿದ.

ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ಇವು ಅವನ ಕಸುಬು. ಆದರೆ ಬೇಸಿಗೆ ಬಂತೆಂದರೆ ಅವನ ಕಾಲು ಹೆಮ್ಮಿಗೆಯ ದಾರಿ ಹಿಡಿಯುತ್ತಿತ್ತು. ಅಲ್ಲಿ ಕಾವೇರಿ ಇಳಿದಾಗ ನಡುಹೊಳೆಯಲ್ಲಿ ಮರಳು ಬಂಡೆಗಳ ತಿಟ್ಟುಗಳು ಮೇಲೇಳುತ್ತವೆ. ಉತ್ತರದ ಕೊನೆಯಲ್ಲಿ, ದನಕರುವೂ ಹೋಗದ ದೂರದಲ್ಲಿರುವುದು ಬಡಗಣ ತಿಟ್ಟು. ಹೊಳೆಯ ಮೀನು ಹಿಡಿದು ಬದುಕುವ ರೀವ ಹಕ್ಕಿಗಳು ಅದರ ಬರಿ ಮರಳಿನಲ್ಲೇ ಗುಳಿ ತೋಡಿ ಮೊಟ್ಟೆ ಇಡುತ್ತವೆ.

ನಿನ್ನೆ ಗೋಣಿತಾಟಿನ ಮರೆಯಲ್ಲಿ ಮಲಗಿ ಇಡೀ ದಿನ ಫೋಟೋ ತೆಗೆದಿದ್ದ. ಮೂರು ಮೊಟ್ಟೆಗಳ ಗುಳಿಗೂ ಅವನ ಕ್ಯಾಮೆರಾಕ್ಕೂ ನಡುವೆ, ಪಡುವಣಕ್ಕೆ, ಒಂದು ಗುಂಡುಕಲ್ಲು ಅರ್ಧ ಅಡ್ಡವಿತ್ತು. ಹೊತ್ತು ಇಳಿಯುವಾಗ, ಒಳ್ಳೆಯ ಬೆಳಕು ಕೈತಪ್ಪೀತೆಂದು, ತೆವಳಿ ಹೋಗಿ ಅದನ್ನು ಎತ್ತಿದ. ಕೈಗೆ ಬಂದ ಮೇಲೆ ನೋಡಿದರೆ ಥೇಟು ಲಿಂಗದ ಆಕಾರ. ಮೈಮೇಲೆ ಮೂರು ಬಿಳಿ ಗೆರೆ. ಅಂಥದ್ದನ್ನು ಅತ್ತ ಬಿಸಾಡುವುದಕ್ಕೆ ಅವನಿಂದಾದೀತೇ? ಕಣ್ಣಿಗೊತ್ತಿಕೊಂಡು ಚೀಲದಲ್ಲಿಟ್ಟ. ಆರು ಫೋಟೋ ತೆಗೆದ. ಮನೆಗೆ ಬಂದು ಕಲ್ಲಿಗೆ ವಿಭೂತಿ ಹಚ್ಚಿ ದೇವರ ಗೂಡಿನಲ್ಲಿಟ್ಟ.

ಇವತ್ತು ನಸುಕಿನಲ್ಲಿ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಪ್ರಿಂಟು ಹಾಕಿ, ಒಂದರ ಪಕ್ಕ ಒಂದಿಟ್ಟು ನೋಡಿದ. ಮೊದಲಿನ ಚಿತ್ರಗಳಲ್ಲಿ ಕಲ್ಲಿನ ನೆರಳು ಮೂರು ಮೊಟ್ಟೆಗಳನ್ನೂ ಮುಚ್ಚಿತ್ತು. ತಾಯಿ ಹಕ್ಕಿ ನೀರಿಗೆ ಹೋಗಿ, ಮೊಟ್ಟೆ ತಂಪು ಮಾಡಲು ಹೊಟ್ಟೆ ತೋಯಿಸಿಕೊಂಡು ಬರುವಷ್ಟು ಹೊತ್ತು ಅವನ್ನು ಕಾಯುತ್ತಿದ್ದುದು ಆ ನೆರಳೇ. ಕೊನೆಯ ಆರರಲ್ಲಿ ನೆರಳಿಲ್ಲ. ಹಕ್ಕಿ ಬಿಸಿಲಿಗೆ ಅಡ್ಡವಾಗಿ ರೆಕ್ಕೆ ಅರೆಬಿಚ್ಚಿ, ಬಾಯಿ ತೆರೆದು ನಿಂತಿತ್ತು. ಅವನ ಬಾಳಿನಲ್ಲೇ ಅಷ್ಟು ಚೆಂದದ ಚಿತ್ರ ಬಂದಿರಲಿಲ್ಲ. ಅದನ್ನು ಬೋರಲು ಹಾಕಿ, ಕಲ್ಲನ್ನು ಗೂಡಿನಿಂದ ಇಳಿಸಿ ಹೊರಟಿದ್ದ.

ತಿರುಮಕೂಡಲಿನಲ್ಲಿ ಹೆಮ್ಮಿಗೆಯ ಬಸ್ಸು ಒಂದು ಗಂಟೆ ತಡ. ಅಲ್ಲೇ ಮೋಡದಲ್ಲಿ ನೀಲಿ ಬಿರುಕು ಕಂಡಿತು. ಹೆಮ್ಮಿಗೆಯ ದಡಕ್ಕೆ ಬರುವಾಗ ಹನ್ನೆರಡೂವರೆ, ಅವನ ನೆರಳು ಕಾಲಬುಡದಲ್ಲಿ ಕಪ್ಪಗೆ ಮೂಡಿತ್ತು.

ತೆಪ್ಪ ಹಾಕುವ ಚಿಕ್ಕಮಾದಮ್ಮ ಹುಟ್ಟು ಹಿಡಿದು ಕಾದಿದ್ದಳು.

"ಬತ್ತೀರಿ ಅಂತ ಗೊತ್ತಿತ್ತು ಕಣ್ರೀ ಅಯ್ನೋರೆ. ನೆನ್ನೆ ತಿಟ್ಟಿಂದ ವಾಪಸ್ ಬರುವಾಗ ತೆಪ್ಪ ನಿಮ್ ಚೀಲದ ಕಡೀಕೇ ವಾಲ್ತಿತ್ತು."

ಅವನು ತಲೆ ತಗ್ಗಿಸಿ ಹತ್ತಿ ಕೂತ. "ಬೇರೆ ಕಲ್ಲಾದ್ರೂ ಇಡಬಹುದಿತ್ತಲ್ಲವ್ವ."

"ಮಡಗ್ದೆ, ಬೆಳಗ್ಗೇನೆ. ಗುರ್ತಿಲ್ಲದ ಕಲ್ಲು ಅಂತ ಆ ತಾಯಿ ಅತ್ರಕ್ಕೇ ಬರ್ನಿಲ್ಲ. ತಗ್ದಾಕ್ಬುಟ್ಟು ಬಂದೆ. ಮಾತಾಡ್ತಾ ಕೂತ್ರೆ ಒತ್ತಾಯ್ತದೆ, ತೋರ್ಸಿ ಎಲ್ಲಿ."

ಮಡಿವಸ್ತ್ರ ಬಿಚ್ಚಿದ. ಕಲ್ಲಿನ ನೆತ್ತಿಯ ಮೇಲೆ ವಿಭೂತಿ ಗಟ್ಟಿಯಾಗಿ ಒಣಗಿತ್ತು.

"ತೊಳೀರಿ," ಎಂದಳು.

"ಪೂಜೆ ಮಾಡಿದ ಮೇಲೆ..."

"ಅಲ್ಲಿರೋ ತಾಯ್ಗೆ ನಿಮ್ ಪೂಜೆ ಏನ್ ಗೊತ್ತು? ಈ ಬಿಳುಪು ಕಂಡ್ರೆ ಓಡೋಯ್ತದೆ. ಒಳೇಲೇ ತೊಳೀರಿ, ದೇವ್ರು ಬ್ಯಾಡ ಅನ್ನಾಕಿಲ್ಲ."

ತೆಪ್ಪದ ಅಂಚಿಗೆ ಬಾಗಿ ಹೊಳೆಯಲ್ಲಿ ಕಲ್ಲನ್ನು ಉಜ್ಜಿದ. ಬಿಳುಪು ಹೊಗೆಯಂತೆ ಬಿಟ್ಟು ನೀರಿನೊಂದಿಗೆ ಹೋಯಿತು. ಶಿವಶಿವಾ ಎಂದುಕೊಂಡ, ಅದು ಆ ಮೊಟ್ಟೆಗಳಿಗೋ ಕಲ್ಲಿಗೋ ಅವನಿಗೇ ತಿಳಿಯಲಿಲ್ಲ.

ತಿಟ್ಟು ಮುಟ್ಟಿದಾಗ ಬಿಸಿಲು ಸುಡುತ್ತಿತ್ತು. ಚಿಕ್ಕಮಾದಮ್ಮ ತೆಪ್ಪ ಬಿಟ್ಟು ಇಳಿಯಲಿಲ್ಲ.

"ತಕ್ಕಂಡೋರು ನೀವು. ನೀವೇ ಓಗಿ ಮಡಗಿ."

ಕಲ್ಲನ್ನು ಎದೆಗೆ ಅವಚಿಕೊಂಡು ಮೊಣಕೈ ಮೇಲೆ ತೆವಳಿದ. ಮರಳು ಹೆಂಚಿನಂತೆ ಕಾದಿತ್ತು. ಹಕ್ಕಿ ಮೇಲೆದ್ದು ಅವನ ತಲೆಯ ಮೇಲೆಯೇ ಕೂಗುತ್ತ ಸುತ್ತಿತು. ಅದರ ಹೊಟ್ಟೆಯಿಂದ ಎರಡು ಹನಿ ನೀರು ಅವನ ಕತ್ತಿನ ಮೇಲೆ ಬಿತ್ತು. ಮೊಟ್ಟೆಗಳು ಬಿಸಿಲಿನಲ್ಲಿ ಅಲುಗದೆ ಬಿದ್ದಿದ್ದವು. ತಡವಾಯಿತೇ? ಕಿವಿಯನ್ನು ಮರಳಿಗೆ ತಗ್ಗಿಸಿ ಉಸಿರು ಹಿಡಿದ. ಏನೂ ಇಲ್ಲ. ಆಮೇಲೆ ಒಂದು ಮೊಟ್ಟೆಯ ಒಳಗಿನಿಂದ, ಉಗುರಿನಿಂದ ಕೆರೆದಂಥ ಸದ್ದು. ಅದರ ಹಿಂದೆಯೇ ಒಂದು ಸಣ್ಣ ಚೀಂ.

ಕಲ್ಲು ಕೂತಿದ್ದ ತಗ್ಗು ಹಾಗೆಯೇ ಉಳಿದಿತ್ತು. ಬಿಳಿ ಗೆರೆಗಳು ನಿನ್ನೆ ಯಾವ ದಿಕ್ಕಿಗಿದ್ದವೋ ಅದೇ ದಿಕ್ಕಿಗೆ ತಿರುಗಿಸಿ, ಕಲ್ಲನ್ನು ಅದರ ತಗ್ಗಿನಲ್ಲಿ ಮೆಲ್ಲಗೆ ಕೂರಿಸಿ, ಅವನು ಕೈ ಬಿಟ್ಟ.