ಕೇಳಿದವರಿಗೆ ಮಾತ್ರ

ಅವಳು ನಿದ್ದೆಯಲ್ಲಿದ್ದಳೋ, ಬರೀ ಕಣ್ಣು ಮುಚ್ಚಿಕೊಂಡಿದ್ದಳೋ? ಶ್ರೀಕರ ಎದುರಿನ ಕನ್ನಡಿಯಲ್ಲಿ ಇನ್ನೊಮ್ಮೆ ನೋಡಿದ. ಹಿಂದಿನ ಸೀಟಿನಲ್ಲಿ ಮಗಳು ಗೌರಿಯ ತಲೆ ಕಿಟಕಿಗೆ ಒರಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ನಿಜವಾಗಿ ನಿದ್ದೆ ಹೋದವರ ಬಾಯಿ ಹಾಗೆ ತೆರೆದಿರುತ್ತದೆ, ನಟಿಸುವವರು ತುಟಿ ಬಿಗಿದುಕೊಂಡಿರುತ್ತಾರೆ ಎಂದುಕೊಂಡ. ಆದರೆ ಹನ್ನೊಂದು ವರ್ಷದ ಹುಡುಗಿಗೆ ಅದೂ ಗೊತ್ತಿರಬಹುದಲ್ಲ.

ಕಾರು ಹೊಸನಗರದ ಬಸ್ ನಿಲ್ದಾಣದ ಹತ್ತಿರ ಹಣ್ಣಿನ ಅಂಗಡಿಯೊಂದರ ಎದುರು ನಿಂತಿತ್ತು. ಹೆಂಡತಿ ತೃಪ್ತಿ ಐದು ವರ್ಷದ ಹೇರಂಬನ ಕೈ ಹಿಡಿದುಕೊಂಡು ಹಣ್ಣು ತರಲು ಇಳಿದಿದ್ದಳು. ಮೇ ತಿಂಗಳ ಬಿಸಿಲು. ಶ್ರೀಕರ ಎ.ಸಿ. ಹಾಕಿಕೊಂಡೇ ಕಾಯುತ್ತಿದ್ದ. ಆಗಲೇ ಫೋನ್ ಬಂದದ್ದು. ಅದು ಕಾರಿನ ಸ್ಪೀಕರಿಗೆ ಜೋಡಣೆಯಾಗಿದೆ ಎಂಬುದು ಅವನಿಗೆ ಮರೆತುಹೋಗಿತ್ತು.

"ಶ್ರೀಕರಾ, ಆನು ಶ್ರೀಕಾಂತ. ಅಪ್ಪಯ್ಯ ತೀರ್ಕಂಡ ಮಾರಾಯ. ಬೆಳಿಗ್ಗೆ ಕಾಫಿ ಕುಡಿದು ಕೂತವ ಹಂಗೇ ಹೋಗ್ಬುಟ."

ಧ್ವನಿ ಕಾರಿನ ತುಂಬ ಮೊಳಗಿತು. ಶ್ರೀಕರ ಗುಂಡಿಗಾಗಿ ತಡಕಾಡಿ, ಸ್ಪೀಕರ್ ತಪ್ಪಿಸಿ ಫೋನನ್ನು ಕಿವಿಗೆ ಒತ್ತಿಕೊಳ್ಳುವಷ್ಟರಲ್ಲಿ ಹೇಳಬೇಕಾದ್ದೆಲ್ಲ ಹೇಳಿಯಾಗಿತ್ತು.

ಶ್ರೀಕಾಂತ ತುಮರಿ ಕಡೆಯ ದಾಯಾದಿ. ಅಜ್ಜನ ಕಾಲದಲ್ಲಿ ಪಾಲಾಗಿ ಹೊಳೆಯಾಚೆ ಹೋದ ಮನೆ. ತೀರಿಕೊಂಡ ನಾರಾಯಣಮೂರ್ತಿ ದೊಡ್ಡಪ್ಪನನ್ನು ಶ್ರೀಕರ ಕಾಣುತ್ತಿದ್ದುದು ಯಾವಾಗಲೋ ಒಮ್ಮೆ, ಯಾರದೋ ಮದುವೆಯಲ್ಲಿ.

"ನೀ ಎಲ್ಲಿದ್ದೆ ಈಗ?" ಶ್ರೀಕಾಂತ ಕೇಳಿದ.

"ಹೊಸನಗರ. ತೀರ್ಥಹಳ್ಳಿಗೆ, ತಂಗಿ ಮನೆಗೆ ಹೊಂಟಿದ್ದಿ. ನಾಳೆ ಅವಳ ಮಗನ ಉಪನಯನ."

"ಅಯ್ಯೋ ದೇವ್ರೆ. ಮೊದ್ಲು ಅದನ್ನ ಕೇಳಿ ಮಾತಾಡಕಾಗಿತ್ತು ಆನು. ತಲೆ ನೆಟ್ಟಗಿಲ್ಲೆ ಮಾರಾಯ." ಮತ್ತೆ ದನಿ ತಗ್ಗಿಸಿ, "ಹೋಗ್ಲಿ ಬಿಡು. ಆನು ಹೇಳಿದ್ದಿಲ್ಲೆ, ನೀ ಕೇಳಿದ್ದಿಲ್ಲೆ," ಎಂದು ಇಟ್ಟುಬಿಟ್ಟ.

ಅವರಲ್ಲಿ ಅದು ರೂಢಿ. ಸಾವಿನ ಸುದ್ದಿ ತಿಳಿಸುವವರು ಮೊದಲು, ಎಲ್ಲಿದ್ದೀರಿ, ಶುಭಕಾರ್ಯಕ್ಕೇನಾದರೂ ಹೊರಟಿದ್ದೀರಾ ಎಂದು ವಿಚಾರಿಸುತ್ತಾರೆ. ಹೌದು ಎಂದರೆ ಮಳೆ, ಬೆಳೆ ಮಾತಾಡಿ ಫೋನ್ ಇಡುತ್ತಾರೆ. ದಾಯಾದಿ ಸತ್ತರೆ ಹತ್ತು ದಿನ ಸೂತಕ. ದೇವಸ್ಥಾನವಿಲ್ಲ, ಮಂಗಳಕಾರ್ಯವಿಲ್ಲ, ಕಾರ್ಯದ ಮನೆಯಲ್ಲಿ ಯಾರನ್ನೂ ಏನನ್ನೂ ಮುಟ್ಟುವಂತಿಲ್ಲ. ಆದರೆ ಆ ಸೂತಕ ಹಿಡಿಯುವುದು ಸುದ್ದಿ ಕಿವಿಗೆ ಬಿದ್ದ ಮೇಲೆ. ಕೇಳದವರಿಗೆ ಅದು ಇಲ್ಲ.

ತೃಪ್ತಿ ಬಾಗಿಲು ತೆರೆದಾಗ ಫೋನ್ ಇನ್ನೂ ಅವನ ಕೈಯಲ್ಲೇ ಇತ್ತು.

"ಯಾರದ್ದು?"

"ಬ್ಯಾಂಕಿನವ್ರದ್ದು. ಸಾಲ ಬೇಕಾ ಹೇಳಿ."

"ಬೇಡ ಹೇಳಕ್ಕೆ ಇಷ್ಟು ಬೆವರಕ?" ತೃಪ್ತಿ ನಕ್ಕು ಹಣ್ಣಿನ ಚೀಲವನ್ನು ಕಾಲ ಬಳಿ ಇಟ್ಟುಕೊಂಡಳು. ಹೇರಂಬ ಐಸ್‌ಕ್ಯಾಂಡಿ ಚೀಪುತ್ತ ಅಕ್ಕನ ಮೇಲೆಯೇ ಹಾದು ತನ್ನ ಜಾಗಕ್ಕೆ ಹೋದ. ಅವನ ಮೊಣಕಾಲು ಹೊಟ್ಟೆಗೆ ತಾಗಿದರೂ ಗೌರಿ ಕಣ್ಣು ತೆರೆಯಲಿಲ್ಲ. ಬೇರೆ ದಿನವಾಗಿದ್ದರೆ ಕಾರಿನೊಳಗೆ ಯುದ್ಧವೇ ಆಗುತ್ತಿತ್ತು.

ಶ್ರೀಕರ ಗಾಡಿ ಹೊರಡಿಸಿದ.

ಗೌರಿಗೆ ಈ ಸೂತಕದ ವಿಷಯ ತಿಳಿಯದ್ದಲ್ಲ. ಹೋದ ವರ್ಷ ವರದಮೂಲದ ದೇವಸ್ಥಾನಕ್ಕೆ ಹೊರಟು ನಿಂತಾಗ ಹೀಗೇ ಯಾರದೋ ಫೋನ್ ಬಂದು, ಹಾಕಿಕೊಂಡ ಬಟ್ಟೆ ಬಿಚ್ಚಿ ಮನೆಯಲ್ಲಿ ಕೂರಬೇಕಾಗಿತ್ತು. ಅವಳು ಅತ್ತಿದ್ದಳು. "ಫೋನ್ ತೆಗೀದೇ ಇದ್ರೆ?" ಎಂದು ಕೇಳಿದ್ದಳು. "ತೆಗೀದೇ ಇದ್ರೆ ಇಲ್ಲೆ. ಕೇಳಿದ ಮೇಲೆ ಇದ್ದು. ಕೇಳಿಯೂ ಮುಟ್ಟಿದ್ರೆ ಆ ಕಾರ್ಯವೇ ಕೆಟ್ಟು ಹೋಗ್ತು," ಎಂದಿದ್ದಳು ತೃಪ್ತಿ. ಗೌರಿ ಅದನ್ನು ಕೇಳಿಕೊಂಡ ರೀತಿ ಶ್ರೀಕರನಿಗೆ ಈಗ ನೆನಪಾಯಿತು. ಲೆಕ್ಕದ ಸೂತ್ರ ಬಾಯಿಪಾಠ ಮಾಡಿಕೊಳ್ಳುವವಳ ಹಾಗೆ ತುಟಿ ಆಡಿಸಿದ್ದಳು.

ತಾನು ಇದನ್ನು ನಂಬುತ್ತೇನೆಯೇ? ಸಾಗರದ ತನ್ನ ಕನ್ನಡಕದ ಅಂಗಡಿಯಲ್ಲಿ ಗೆಳೆಯರ ಎದುರು ಅವನು ಇಂಥದ್ದಕ್ಕೆಲ್ಲ ನಕ್ಕವನೇ. ನಂಬದಿದ್ದರೆ ಬ್ಯಾಂಕಿನವರದ್ದು ಎಂದು ಸುಳ್ಳು ಹೇಳುವ ಅಗತ್ಯವಿರಲಿಲ್ಲ. ನಂಬುವುದಾದರೆ ಗಾಡಿ ತಿರುಗಿಸಬೇಕಿತ್ತು. ಅವನು ನಿಜವನ್ನೂ ಹೇಳದೆ, ಗಾಡಿಯನ್ನೂ ತಿರುಗಿಸದೆ ಗೇರ್ ಬದಲಿಸುತ್ತಿದ್ದ.

ತಿರುಗಿಸುವುದು ಹೇಗೆ? ಎರಡು ವರ್ಷದ ಹಿಂದೆ ಇದೇ ಉಪನಯನಕ್ಕೆ ಚಪ್ಪರ ಹಾಕಿ ಮುಗಿದಿದ್ದಾಗ ಶ್ರೀಕರನ ಅಮ್ಮ ತೀರಿಕೊಂಡು ಮುಹೂರ್ತ ತಪ್ಪಿತ್ತು. ಅಂದಿನಿಂದ ತಂಗಿ ಶರಾವತಿ ಅತ್ತೆಯ ಬಾಯಲ್ಲಿ ಅದನ್ನು ಕೇಳುತ್ತಲೇ ಬಂದಿದ್ದಳು, ನಿನ್ನ ತವರಿಂದಲೇ ವಿಘ್ನ ಎಂದು. ಆ ಮನೆಯ ಪದ್ಧತಿಯಲ್ಲಿ ವಟುವನ್ನು ಸೋದರಮಾವ ಎತ್ತಿಕೊಂಡು ಬಂದು ಮಣೆಯ ಮೇಲೆ ಕೂರಿಸಬೇಕು. ಅವಳಿಗಿರುವುದು ಒಬ್ಬನೇ ಅಣ್ಣ. ಮದುವೆಯಾಗಿ ಹೋದವಳಿಗೆ ತವರಿನಲ್ಲಿ ಹೆತ್ತವರಂಥವರ ಸೂತಕವಷ್ಟೇ, ಈ ದೊಡ್ಡಪ್ಪನದ್ದು ಅವಳಿಗೆ ಇಲ್ಲ, ಕಾರ್ಯ ನಿಲ್ಲುವುದಿಲ್ಲ. ಅಣ್ಣನ ಜಾಗ ಮಾತ್ರ ಖಾಲಿ ಇರುತ್ತದೆ, ಅತ್ತೆಯ ಕಣ್ಣೆದುರಿಗೆ. ಮೊನ್ನೆ ಫೋನಿನಲ್ಲಿ, "ನೀ ಒಬ್ಬ ಬಂದು ನಿಂತ್ರೆ ಸಾಕು ಅಣ್ಣಾ, ಮತ್ತೆಂತದೂ ಬ್ಯಾಡ," ಎಂದಿದ್ದಳು.

ಕೋಣಂದೂರು ಹತ್ತಿರವಾಗುವಾಗ ಗೌರಿ ಎದ್ದು ಕೂತಳು.

"ಎದ್ಯನೇ? ನಾಳೆ ಆರತಿ ತಟ್ಟೆ ಹಿಡ್ಕಂಡು ಹಿಂಗೇ ತೂಕಡಿಸಡ," ಎಂದಳು ತೃಪ್ತಿ.

"ಅಕ್ಕ ಮನೇಲಿ ಲೋಟ ಬೀಳ್ಸಿತ್ತು! ಎರಡು ಸಲ!" ಹೇರಂಬ ಕೂಗಿದ.

ವಟುವಿನ ಮುಂದೆ ಆರತಿ ಹಿಡಿದು ನಡೆಯುವುದು ಸೋದರಮಾವನ ಮಗಳು. ಗೌರಿ ಒಂದು ತಿಂಗಳಿಂದ ಸ್ಟೀಲಿನ ತಟ್ಟೆಯ ಮೇಲೆ ನೀರು ತುಂಬಿದ ಲೋಟವಿಟ್ಟುಕೊಂಡು ಪಡಸಾಲೆಯಲ್ಲಿ ನಡೆದು ಅಭ್ಯಾಸ ಮಾಡಿದ್ದಳು. ಹಸಿರು ರೇಷ್ಮೆ ಲಂಗ ಹೊಲಿಸಿಯಾಗಿತ್ತು. ತಮ್ಮ ರೇಗಿಸಿದ್ದಕ್ಕೆ ಅವಳು ಏನೂ ಅನ್ನಲಿಲ್ಲ. ಕನ್ನಡಿಯಲ್ಲಿ ಒಂದು ಕ್ಷಣ ಅಪ್ಪನ ಕಣ್ಣು ಸಿಕ್ಕಿದಾಗ ಕಿಟಕಿಯ ಕಡೆ ತಿರುಗಿದಳು. ಕಾರಿನಲ್ಲಿ ಹೊಟ್ಟೆ ತೊಳೆಸಿದರೂ ಮಕ್ಕಳು ಹಾಗೇ ಸುಮ್ಮನಾಗುತ್ತಾರೆ ಎಂದು ಶ್ರೀಕರ ತನಗೇ ಹೇಳಿಕೊಂಡ.

ತೀರ್ಥಹಳ್ಳಿಯ ಮನೆಯ ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಒದ್ದೆ ಕೈ ಸೀರೆಗೆ ಒರೆಸಿಕೊಳ್ಳುತ್ತ ಶರಾವತಿ ಓಡಿ ಬಂದಳು.

"ಬಂದ್ಯನೋ ಅಣ್ಣಾ! ಬಾ ಅತ್ಗೆ. ಎಲ್ಲಿ ನನ್ನ ಆರತಿ ಕೂಸು?"

ಅವಳು ತಬ್ಬಿಕೊಳ್ಳಲು ಬಂದಾಗ ಗೌರಿ ಎರಡು ಹೆಜ್ಜೆ ಹಿಂದೆ ಸರಿದು, ಬಟ್ಟೆಯ ಬ್ಯಾಗನ್ನು ಎದೆಗೆ ಅಡ್ಡ ಹಿಡಿದಳು.

"ಎಂತದೇ ಕೂಸೆ, ಅತ್ತೆ ಮರ್ತೋತ?"

"ವಾಂತಿ ಬಂದಂಗೆ ಆಗ್ತಾ ಇದ್ದು ಅತ್ತೆ. ಮುಟ್ಟಡ."

"ಕಾರಲ್ಲಿ ಎಂತೂ ಹೇಳಿದ್ದಿಲ್ಲೆ ನೀನು?" ತೃಪ್ತಿ ಹುಬ್ಬು ಗಂಟಿಕ್ಕಿದಳು.

ಜಗಲಿಯಲ್ಲಿ ಅಡಿಕೆ ಹೋಳು ಮಾಡುತ್ತ ಕೂತಿದ್ದ ಶರಾವತಿಯ ಅತ್ತೆ ತಲೆಯೆತ್ತಿ ನಕ್ಕರು. "ಬನ್ನಿ ಬನ್ನಿ. ಈ ಸಲ ಎಂತ ವಿಘ್ನನೂ ಕಟ್ಕಂಡು ಬಂದಿದ್ರಿಲ್ಲೆ ಅಲ್ದ?"

ಎಲ್ಲರೂ ನಕ್ಕರು. ಶ್ರೀಕರನೂ ನಕ್ಕ. ಶರಾವತಿ ಮಾತ್ರ ಅಣ್ಣನ ಮುಖ ನೋಡಿದಳು, ಬೇಜಾರಾಯಿತೇನೋ ಎಂಬ ಹಾಗೆ.

ಸಂಜೆ ಹೆಂಗಸರು, ಮಕ್ಕಳು ಸುತ್ತ ಕೂತು ಹೂ ಕಟ್ಟುತ್ತಿದ್ದರು. ಗೌರಿ ಅಂಗಳದ ಕೊನೆಯ ಕಲ್ಲಿನ ಮೇಲೆ ಒಬ್ಬಳೇ ಕೂತಿದ್ದಳು. ಫಲಾಹಾರಕ್ಕೆ ಕರೆದಾಗಲೂ ಒಳಗೆ ಬರಲಿಲ್ಲ. ಬಾಳೆಲೆಯ ತುಂಡಿನಲ್ಲಿ ಅವಲಕ್ಕಿ ಹಾಕಿಸಿಕೊಂಡು ಹೊರಗೇ ತಿಂದು, ಎಲೆಯನ್ನು ತಾನೇ ಎತ್ತಿ ಗುಂಡಿಗೆ ಹಾಕಿ ಬಂದಳು. ಹೊಟ್ಟೆ ಸರಿಯಿಲ್ಲದವರು ಯಾರಾದರೂ ಹೀಗೆ ಮಾಡಬಹುದು. ಒಂದೊಂದಕ್ಕೂ ಒಂದು ಕಾರಣ ಸಿಗುತ್ತಿತ್ತು. ಎಲ್ಲವನ್ನೂ ಸೇರಿಸಿ ನೋಡಿದರೆ ಮಾತ್ರ ಶ್ರೀಕರನಿಗೆ ಒಂದೇ ಕಾರಣ ಉಳಿಯುತ್ತಿತ್ತು. ಅವನು ಹೋಗಿ ಅವಳ ಪಕ್ಕ ಕೂತ.

"ಹೊಟ್ಟೆ ನೋವ್ತ?"

"ಹೂಂ."

"ಮಾತ್ರೆ ತರ್ಲ?"

"ಬ್ಯಾಡ."

ಒಳಗೆ ಯಾರೋ ಜೋರಾಗಿ ನಕ್ಕರು. ಹೇರಂಬ ಹೂವಿನ ಬುಟ್ಟಿ ಮಗುಚಿದ್ದಿರಬೇಕು, ತೃಪ್ತಿ ಗದರುವುದು ಕೇಳಿಸಿತು.

"ಗೌರೀ, ಕಾರಲ್ಲಿ..." ಎಂದ.

ಅವಳು ತಿರುಗಿ ನೋಡಿದಳು. ಕಾಯುತ್ತಿರುವವಳಂತೆ ನೋಡಿದಳು. "ಕಾರಲ್ಲಿ ಎಂತ?"

"ಕಾರಲ್ಲಿ ಚಲೋ ನಿದ್ದೆ ಬಂದಿತ್ತ?"

ಅವಳ ಮುಖದಲ್ಲಿ ಏನೋ ಒಂದು ಮುಚ್ಚಿಕೊಂಡಿತು. "ಬಂದಿತ್ತು," ಎಂದಳು.

ಅಷ್ಟಕ್ಕೇ ಬಿಟ್ಟು ಎದ್ದು ಬಂದ. ಅವಳು ಹೇಳಿದ್ದನ್ನು ನಂಬುವುದು ಅವನಿಗೆ ಅನುಕೂಲವಾಗಿತ್ತು.

ಮಾರನೆಯ ಬೆಳಿಗ್ಗೆ ವಟು ಮಧುಸೂದನ ಅಮ್ಮನ ಜೊತೆ ಒಂದೇ ಎಲೆಯಲ್ಲಿ ಉಂಡ. ತಲೆ ಬೋಳಿಸಿಕೊಂಡು ಸ್ನಾನ ಮಾಡಿ, ನಡುಗುತ್ತ ಬಂದು ಮಾವನ ಎದುರು ನಿಂತ. ಶ್ರೀಕರ ಶಲ್ಯ ಹೊದ್ದು ತಯಾರಾಗಿದ್ದ. ವಾಲಗದವರು ಶುರುಮಾಡಿದರು. ಪುರೋಹಿತರು ಹೊತ್ತಾಯಿತೆಂದು ಕೈಸನ್ನೆ ಮಾಡಿದರು.

"ಆರತಿ! ಆರತಿ ಹಿಡಿಯ ಕೂಸು ಎಲ್ಲಿ?" ಶರಾವತಿಯ ಅತ್ತೆ ಕೂಗಿದರು.

ಗೌರಿ ಶಾಮಿಯಾನದ ಆಚೆ ತುದಿಯಲ್ಲಿದ್ದಳು. ಹಸಿರು ಲಂಗ ಹಾಕಿಕೊಂಡಿರಲಿಲ್ಲ. ನಿನ್ನೆಯ ಫ್ರಾಕಿನಲ್ಲೇ ಇದ್ದಳು. ತೃಪ್ತಿ ತಟ್ಟೆ ಹಿಡಿದುಕೊಂಡೇ ಅವಳ ಹತ್ತಿರ ಹೋದಳು. ದನಿ ತಗ್ಗಿಸಿದ್ದರೂ ಮಾತು ಶ್ರೀಕರನವರೆಗೂ ಕೇಳಿಸುತ್ತಿತ್ತು.

"ಹಿಡ್ಕ. ಎಲ್ಲರೂ ನೋಡ್ತಾ ಇದ್ದ."

"ಯಂಗೆ ಆಗ್ತಿಲ್ಲೆ ಅಮ್ಮಾ."

"ಎಂತ ಆಗ್ತಿಲ್ಲೆ? ಎದ್ದಾಗಿಂದ ನೆಟ್ಟಗೇ ಇದ್ದೆ. ಒಂದು ತಿಂಗ್ಳಿಂದ ಕುಣದೆ, ಈಗ ಹಠವ?"

"ಬ್ಯಾಡ ಹೇಳಿದ್ನಲೆ."

ತೃಪ್ತಿ ಅವಳ ತೋಳು ಹಿಂಡಿದಳು. ಗೌರಿಯ ಕಣ್ಣಲ್ಲಿ ನೀರು ಬಂತು, ಆದರೆ ಕೈ ಎರಡೂ ಬೆನ್ನ ಹಿಂದೆಯೇ ಇದ್ದವು. ಶರಾವತಿ ಬಂದು, "ಹೋಗ್ಲಿ ಬಿಡು ಅತ್ಗೆ, ಹೆದ್ರಿದ್ದು ಅದು," ಎಂದಳು. ಹಾಗೆನ್ನುವಾಗ ಅವಳ ಮುಖ ಸಣ್ಣದಾಗಿತ್ತು.

"ಸಾಗರದ ಕೂಸಿಗೆ ನಮ್ಮನೆ ತಟ್ಟೆ ಹಿಡಿಯಕ್ಕೆ ಅಷ್ಟು ಬಿಂಕವ?" ಎಂದರು ಅತ್ತೆ. ಭಾವನ ಕಡೆಯ ಯಾವುದೋ ಹುಡುಗಿಯ ಕೈಗೆ ತಟ್ಟೆ ಹೋಯಿತು.

ಶ್ರೀಕರ ಬಗ್ಗಿ ಮಧುವನ್ನು ಎತ್ತಿಕೊಂಡ. ಹುಡುಗ ಅವನ ಕುತ್ತಿಗೆಗೆ ತೋಳು ಹಾಕಿ ಕಿವಿಯಲ್ಲಿ, "ಮಾವಾ, ಆನು ಭಾರ ಇದ್ನ? ಬೀಳ್ಸಡ ಮತ್ತೆ," ಎಂದ. ಸುತ್ತಲಿದ್ದವರು ನಕ್ಕರು. ಶರಾವತಿ ಅಣ್ಣನನ್ನೇ ನೋಡುತ್ತ ಜೊತೆಗೆ ಹೆಜ್ಜೆ ಹಾಕಿದಳು. ಎರಡು ವರ್ಷದಲ್ಲಿ ಅವಳ ಮುಖ ಇಷ್ಟು ಹಗುರಾದದ್ದನ್ನು ಅವನು ಕಂಡಿರಲಿಲ್ಲ.

ಗೌರಿ ನಿಂತಿದ್ದ ಕಂಬದ ಪಕ್ಕದಲ್ಲೇ ದಾರಿ ಹಾದುಹೋಗುತ್ತಿತ್ತು. ಮೆರವಣಿಗೆ ಹತ್ತಿರ ಬಂದಾಗ ಅವಳು ಫ್ರಾಕಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಮೈಗೆ ಒತ್ತಿಕೊಂಡು, ಕಂಬಕ್ಕೆ ಅಂಟಿ ನಿಂತಳು. ಶರಾವತಿಯ ಸೆರಗು ತಾಗದಂತೆ, ಮಧುವಿನ ಕಾಲು ತಾಗದಂತೆ. ಹೊಟ್ಟೆನೋವಿನವರು, ಹಠದವರು ಹಾಗೆ ನಿಲ್ಲುವುದಿಲ್ಲ. ಅಪ್ಪ ಮುಟ್ಟಿಯಾಗಿದ್ದನ್ನು ಅವಳಿಂದ ತಪ್ಪಿಸಲಾಗಲಿಲ್ಲ. ತನ್ನ ಪಾಲಿನದ್ದನ್ನಾದರೂ ತಪ್ಪಿಸುತ್ತಿದ್ದಳು.

ಶ್ರೀಕರನ ಹೆಜ್ಜೆ ಒಮ್ಮೆ ತಡೆಯಿತು. ಸೂತಕವೆಂಬುದು ಏನೂ ಅಲ್ಲದಿದ್ದರೆ, ಹೋಗು ಮಗಾ, ತಟ್ಟೆ ಹಿಡಿ ಎಂದು ಒಂದು ಮಾತು ಹೇಳಬಹುದಿತ್ತು. ಅದು ಏನಾದರೂ ಹೌದಾದರೆ ಈ ಹುಡುಗ ತನ್ನ ತೋಳಿನಲ್ಲಿ ಇರಬಾರದಿತ್ತು. ಹೇಗೆ ನೋಡಿದರೂ ಬಾಯಿ ತೆರೆಯಬೇಕಾದವನು ತಾನು. ವಾಲಗ ಜೋರಾಗಿತ್ತು. ಶರಾವತಿ "ನೆಡಿ ಅಣ್ಣಾ," ಎಂದಳು. ಅವನು ನಡೆದು ಹೋಗಿ ಮಧುವನ್ನು ಮಣೆಯ ಮೇಲೆ ಕೂರಿಸಿದ.

ಮರುದಿನ ವಾಪಸು ಬರುವಾಗ ಕೋಣಂದೂರು ದಾಟಿದ ಮೇಲೆ ರಸ್ತೆಯ ಪಕ್ಕ ಗಾಡಿ ನಿಲ್ಲಿಸಿ, ಫೋನ್ ನೋಡಿದಂತೆ ಮಾಡಿ, "ತುಮರಿ ನಾರಾಯಣಮೂರ್ತಿ ದೊಡ್ಡಪ್ಪ ಹೋದ್ನಡ. ಶ್ರೀಕಾಂತ ಮೆಸೇಜ್ ಹಾಕಿದ್ದ," ಎಂದ.

"ಅಯ್ಯೋ! ಯಾವಾಗ?"

"ಮೊನ್ನೆ. ಕಾರ್ಯ ಇದ್ದು ಹೇಳಿ ತಡೆದ್ನಡ."

"ಪುಣ್ಯಾತ್ಮ." ತೃಪ್ತಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಮೊನ್ನೆಯೇ ಹೇಳಿದ್ರೆ ಶರಾವತಿ ಗತಿ ಎಂತ ಆಗ್ತಿತ್ತು! ದೇವ್ರು ದೊಡ್ಡವ." ಮತ್ತೆ ಹಿಂದಕ್ಕೆ ತಿರುಗಿ, "ಕೇಳ್ಚನೇ? ಅಷ್ಟು ಚಲೋ ಎಲ್ಲ ಆತು. ನೀ ಒಂದು ಮಾನ ತೆಗೆದೆ," ಎಂದಳು.

ಗೌರಿ ಅಮ್ಮನನ್ನು ನೋಡಲಿಲ್ಲ. ಅಪ್ಪನ ತಲೆಯ ಹಿಂಭಾಗವನ್ನು ನೋಡುತ್ತಿದ್ದಳು. ಅದು ಅವನಿಗೆ ಕನ್ನಡಿಯಲ್ಲಿ ಕಾಣುತ್ತಿತ್ತು.

"ಈಗ ಯಂಗಕ್ಕೆ ಎಲ್ಲರಿಗೂ ಸೂತಕವ?" ಹೇರಂಬ ಕೇಳಿದ.

"ಹೌದು ಮಾಣಿ. ಕೇಳ್ದಲ, ಈಗಿಂದ," ಎಂದಳು ತೃಪ್ತಿ.

ಗೌರಿ ಮನೆ ಮುಟ್ಟುವವರೆಗೂ, ಆಮೇಲೂ, ಆ ವಿಷಯ ಎತ್ತಲಿಲ್ಲ.

ಆರತಿ ತಟ್ಟೆಯ ಕಥೆ ನೆಂಟರ ಮನೆಗಳಲ್ಲಿ ಓಡಾಡಿತು. ಎಲ್ಲಿ ಹೋದರೂ ಯಾರಾದರೊಬ್ಬರು ಗೌರಿಯ ಗಲ್ಲ ಹಿಡಿದು, "ಇದೇ ಅಲ್ದ ಹಠಮಾರಿ ಕೂಸು?" ಎನ್ನುತ್ತಿದ್ದರು. ಅವಳು ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಶ್ರೀಕರ ಅಲ್ಲೇ ಇರುತ್ತಿದ್ದ, ಕಾಫಿ ಕುಡಿಯುತ್ತಲೋ ಯಾರ ಜೊತೆಗೋ ಮಾತಾಡುತ್ತಲೋ. ಗೌರಿ ಅಂದು ಹಠ ಮಾಡಿರಲಿಲ್ಲ ಎಂದು ಅವನು ಯಾರಿಗೂ, ಯಾವತ್ತೂ ಹೇಳಲಿಲ್ಲ.